ನೀರು ಕುಡಿಯದ ಎಂಜಿನ್ನು

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಕೂರಲು ಬರುವುದಿಲ್ಲ. ಕೂತರೆ ಕಾಲು ಕುಣಿಯುತ್ತದೆ, ಕಾಲನ್ನು ಹಿಡಿದಿಟ್ಟರೆ ಬೆರಳು ಕುಣಿಯುತ್ತವೆ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬರುವುದರೊಳಗೆ ಎದ್ದು ಕೈ ತೊಳೆದು ಬಂದು ಮತ್ತೆ ಕೂತಿರುತ್ತೇನೆ. ಹಿಂದೊಮ್ಮೆ ಪಂಡಿತರೊಬ್ಬರು ನಾಡಿ ಹಿಡಿದು, ‘ನಿಮ್ದು ವಾತ ಪ್ರಕೃತಿ ರೀ, ಗಾಳಿ ಜಾಸ್ತಿ ಐತಿ’ ಎಂದರು. ಶರೀರದಲ್ಲಿ ಐದು ಬಗೆಯ ವಾಯುಗಳಿದ್ದು ಒಂದೊಂದಕ್ಕೂ ಒಂದೊಂದು ಕೆಲಸವಂತೆ. ನನ್ನಲ್ಲಿ ಐದೂ ಒಂದೇ ಹೊತ್ತಿಗೆ ಕೆಲಸಕ್ಕೆ ಹೊರಡುತ್ತವೆಯಂತೆ. ಮನೆಗೆ ಬಂದು ಹೆಂಡತಿ ಗಿರಿಜಾಗೆ ಇದನ್ನು ಹೇಳಿದರೆ, ‘ಇದನ್ನ ಹೇಳಾಕ ಪಂಡಿತ್ರು ಬೇಕಿತ್ತೇನ್ರೀ? ನಾನಾದ್ರ ಪುಕ್ಕಟ ಹೇಳ್ತಿದ್ದೆ’ ಎಂದಳು.

ಇಂಥ ಗಾಳಿಮನುಷ್ಯನ ಪಾಲಿಗೆ ಬಂದದ್ದೂ ಗಾಳಿಯಿಂದ ತಣಿಯುವ ಎಂಜಿನ್ನೇ. ಸಿಂಧನೂರಿನಲ್ಲಿ ನನ್ನದೊಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ನಮ್ಮದು ನಾಲೆಯ ಸೀಮೆ. ಇಲ್ಲಿ ಎಂಜಿನ್ ಎಂದರೆ ರೇಡಿಯೇಟರ್, ರೇಡಿಯೇಟರ್ ಎಂದರೆ ನೀರು. ನೀರು ಬೇಡದ ಎಂಜಿನ್ ಒಂದಿದೆ ಎಂದರೆ ಮಂದಿ ನನ್ನ ಮುಖವನ್ನೇ ನೋಡುತ್ತಾರೆ. ಜವಳಗೇರಾದಿಂದ ಬೇರಿಂಗ್ ಕೊಳ್ಳಲು ಬಂದ ರೈತರೊಬ್ಬರು ನನ್ನ ಮೇಜಿನ ಮೇಲಿದ್ದ ಸಿಲಿಂಡರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದು ಗಾಳಿಗೆ ತಣ್ಣಗ ಆಗ್ತೈತೇನ್ರೀ? ನಮ್ಮ ಊರಾಗ ಗಾಳೀನ ತಣ್ಣಗ ಮಾಡೋರು ಬೇಕಾಗ್ಯಾರಲ್ರೀ!’ ಎಂದರು. ಆಗ ಏಪ್ರಿಲ್ ತಿಂಗಳು. ನಾನು ಬೇರಿಂಗ್ ಕಟ್ಟಿಕೊಟ್ಟೆ.

ಆ ಎಂಜಿನ್ ನನ್ನ ಕೈಗೆ ಬಂದದ್ದು ಲಿಂಗಸುಗೂರಿನಿಂದ. ಅಲ್ಲಿ ನನ್ನ ಅಕ್ಕ ಶಾಂತಕ್ಕನ ಮನೆ. ಅಕ್ಕನ ಗಂಡನನ್ನು ನಾವು ಮಾವ ಎನ್ನುತ್ತೇವೆ. ಮಾವ ಮೀಸೆ ಚಿಗುರುವ ವಯಸ್ಸಿನಲ್ಲಿದ್ದಾಗ ಆ ಕಡೆಯ ಗಣಿಗೆ ಬಂದಿದ್ದ ಪರದೇಶದ ಎಂಜಿನಿಯರ್ ಒಬ್ಬ ತನ್ನ ಊರಿಗೆ ಮರಳುವಾಗ ತನ್ನ ಕಾರನ್ನು ಇವರಿಗೆ ಕೊಟ್ಟುಹೋಗಿದ್ದ. ತಗ್ಗಿನ ಮೈಯ, ಓಟದ ಪಂದ್ಯಕ್ಕೆಂದೇ ಮಾಡಿದ ಜರ್ಮನಿಯ ಕಾರು. ಡಿಕ್ಕಿ ಮುಂದೆ, ಎಂಜಿನ್ ಹಿಂದೆ. ಮಾವ ಅದರಲ್ಲಿ ಧೂಳೆಬ್ಬಿಸಿಕೊಂಡು ನಮ್ಮ ಹುಟ್ಟೂರು ಮಸ್ಕಿಗೆ ಹೆಣ್ಣು ನೋಡಲು ಬಂದಿದ್ದರು. ಹುಡುಗನಿಗೆ ಕಾರಿದೆ ಎಂಬ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಆದರೆ ಮದುವೆಯ ಹೊತ್ತಿಗೆ ಎಂಜಿನ್ ಕೈಕೊಟ್ಟಿತು. ಅಕ್ಕ ಗಂಡನ ಮನೆಗೆ ಹೋದದ್ದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕೂತು.

ಅಂದಿನಿಂದ ಅಕ್ಕ ತವರಿಗೆ ಬಂದಾಗಲೆಲ್ಲ ಓಣಿಯ ಗೆಳತಿಯರು, ‘ಎಲ್ಲೈತೆವಾ ನಿನ್ನ ಗಂಡನ ಕಾರು? ಬಸ್ಸಿನ ಹಿಂದ ಬರಾಕತ್ತೈತೇನು?’ ಎಂದು ಕಾಡುತ್ತಿದ್ದರು. ಆ ಗೆಳತಿಯರಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ಕಾಡುವುದನ್ನು ಮಾತ್ರ ಬಿಟ್ಟಿಲ್ಲ. ಅಕ್ಕ ಆ ಕಾರಿದ್ದ ಶೆಡ್ಡನ್ನು ಇಷ್ಟು ವರ್ಷ ಕಸ ಹೊಡೆದಿದ್ದಾಳೆ. ಅದರಲ್ಲಿ ಕೂತು ಒಂದು ಮಾರು ದೂರವೂ ಹೋದವಳಲ್ಲ.

ಹೋದ ಬೇಸಿಗೆಯಲ್ಲಿ ಮಾವ ಇದ್ದಕ್ಕಿದ್ದಂತೆ ಅಪ್ಪಣೆ ಹೊರಡಿಸಿದರು. ‘ಎರಡನೇ ಬೆಳಿಗೆ ಕಾಲುವಿಗೆ ನೀರು ಬಿಡೂದ್ರಾಗ ಶೆಡ್ ಖಾಲಿ ಆಗಬೇಕು. ಗೊಬ್ಬರದ ಚೀಲ ಎಲ್ಲಿಡ್ಲಿ, ನಿಮ್ಮಕ್ಕನ ತಲಿ ಮ್ಯಾಲ? ಗುಜರಿಯಂವಗ ಹೇಳೀನಿ, ಬಂದು ಒಯ್ತಾನ.’

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ‘ಒಂದ ಸಲ ಅದರಾಗ ಕುಂತು ಮಸ್ಕಿಗೆ ಹೋಗಬೇಕಿತ್ತು ನೋಡೋ ತಮ್ಮಾ. ಆಮ್ಯಾಲ ಬೇಕಾದ್ರ ಗುಜರಿಗೆ ಹಾಕ್ಲಿ’ ಎಂದಳು. ಕೂತಲ್ಲಿ ಕೂರದವನಿಗೆ ಇಷ್ಟು ಸಾಕು. ‘ನಾ ಅದನ್ನ ಎಬ್ಬಸ್ತೀನಿ’ ಎಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಹೀಗೆ ಕಾರಿನ ಮೈ ಲಿಂಗಸುಗೂರಿನಲ್ಲಿ ಉಳಿಯಿತು, ಎಂಜಿನ್ ಸಿಂಧನೂರಿಗೆ ಬಂತು. ನಮ್ಮ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿ ಹರಡಿದೆ. ನೋಡಬೇಕು ನೀವು ಅದರ ಚಂದ! ನಾಲ್ಕು ಸಿಲಿಂಡರುಗಳು ನಿಂತಿರುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಅಣ್ಣತಮ್ಮಂದಿರ ಹಾಗೆ ಎರಡು ಈ ಕಡೆ, ಎರಡು ಆ ಕಡೆ, ಕಾಲಿಗೆ ಕಾಲು ಕೊಟ್ಟು ಮಲಗಿರುತ್ತವೆ. ಒಂದೊಂದರ ಮೈ ಸುತ್ತಲೂ ತೆಳ್ಳನೆಯ ಲೋಹದ ರೆಕ್ಕೆಗಳು, ಅವುಗಳ ನಡುವೆ ಗಾಳಿ ನೂಕಲು ಒಂದು ದೊಡ್ಡ ಫ್ಯಾನು, ಎರಡು ಕಾರ್ಬೊರೇಟರು. ಹಳೆ ಕಾರಿನ ಹುಚ್ಚರದೊಂದು ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಇಂಥದ್ದನ್ನು ಕೈಬೆರಳೆಣಿಕೆಯಷ್ಟು ಮಾತ್ರ ಮಾಡಿದ್ದರಂತೆ. ದೂರದೂರದವರೆಲ್ಲ ಹೊಟ್ಟೆಕಿಚ್ಚಿನಿಂದ ಕೈ ಮುಗಿಯುವ ಚಿತ್ರ ಕಳಿಸಿದರು. ಅಲ್ಲಿಯ ತನಕ ನನಗದು ಹಳೆಯ ಎಂಜಿನ್ ಅಷ್ಟೇ ಆಗಿತ್ತು. ಅಂದಿನಿಂದ ಗಿರಿಜಾ ನೆಲದ ಮೇಲೆ ಎಲೆ ಹಾಕಿ ಬಡಿಸತೊಡಗಿದಳು.

ಎಂಜಿನ್ ಕಟ್ಟುವುದು ನನ್ನಂಥವನಿಗೆ ದೇವರು ಹಾಕಿದ ಶಿಕ್ಷೆ. ಅವಸರದವರನ್ನು ಅದು ಹತ್ತಿರಕ್ಕೆ ಬಿಡುವುದಿಲ್ಲ. ಪಿಸ್ಟನ್ನಿಗೆ ರಿಂಗ್ ಹಾಕುವಾಗ ಉಸಿರು ಬಿಗಿಹಿಡಿಯಬೇಕು, ಬೋಲ್ಟನ್ನು ಒಂದೇ ಸಲಕ್ಕೆ ಬಿಗಿಯದೆ ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ತಿರುಗಿಸಬೇಕು. ವಾಲ್ವಿನ ಸಂದು ಹೊಂದಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು ಎನ್ನುತ್ತಾರೆ ತಿಳಿದವರು. ಮೇ ತಿಂಗಳ ಸಿಂಧನೂರಿನಲ್ಲಿ ಕುಡಿಯುವ ನೀರೇ ತಣ್ಣಗಿರುವುದಿಲ್ಲ, ಕಬ್ಬಿಣ ತಣ್ಣಗಿರುತ್ತದೆಯೇ? ಕೋಳಿ ಕೂಗುವ ಹೊತ್ತಿಗೆ ಎದ್ದು ಹೊಂದಿಸಿದೆ. ಚಹಾ ಕುಡಿದು ಬಂದು ಮತ್ತೆ ಅಳೆದರೆ ಅಳತೆ ಬೇರೆ! ಮರುದಿನ ಮತ್ತೆ ಕೋಳಿಯ ದಾರಿ ಕಾದೆ.

ಲೇಥಿನ ಕೆಲಸಕ್ಕೆ ಮಸ್ಕಿಯ ಗೆಳೆಯ ಖಾಜಾಸಾಬನ ಹತ್ತಿರ ಓಡುತ್ತಿದ್ದೆ. ಅವನ ಬಾಯಿ ಅವನ ಲೇಥಿಗಿಂತ ಜೋರು. ‘ಏ ಭಾಯಿ, ಕುಂದ್ರು, ಇಲ್ಲಾಂದ್ರ ಹೊರಗ ಹೋಗು. ನೀ ಅಡ್ಡಾಡೂದು ನೋಡಿ ನನಗ ಚಕ್ಕರ್ ಬರಾಕತ್ತೈತಿ’ ಎನ್ನುತ್ತಿದ್ದ. ನಾನು ಹೋಗಲಿಲ್ಲ. ಅವನು ಕಡೆದ ಬುಷ್ ಎಂಬ ಲೋಹದ ಬಳೆ ಅಳತೆಗಿಂತ ಸಡಿಲಾಗಿಹೋಯಿತು. ‘ನಿನ್ನ ಜಲ್ದಿಗೆ ಆತು’ ಎಂದು ಅವನು, ‘ನಿನ್ನ ಬಾಯಿಗೆ ಆತು’ ಎಂದು ನಾನು, ಇಬ್ಬರೂ ಮುಖ ತಿರುಗಿಸಿಕೊಂಡು ಕೂತೆವು. ಆಮೇಲೆ ಅವನೇ ಚಹಾ ತರಿಸಿದ.

ಅವನು ಎರಡನೆಯ ಬುಷ್ ಮಾಡುವಾಗ ನಾನು ಊರಾಚೆಯ ಶಾಸನದ ಬಂಡೆಯ ಕಡೆ ಹೋಗಿ ನಿಂತೆ. ಅಲ್ಲಿ ಚಕ್ರವರ್ತಿಯೊಬ್ಬ ತಾನು ಧರ್ಮದ ಹಾದಿಗೆ ಬಂದರೂ ಮೊದಮೊದಲು ಅಷ್ಟೇನೂ ದುಡಿಯಲಿಲ್ಲ, ಆಮೇಲೆ ದುಡಿದೆ ಎಂಬ ಅರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾನೆ. ಮೈಗಳ್ಳತನವನ್ನು ಕಲ್ಲಿನ ಮೇಲೆ ಬರೆಸಿ ಒಪ್ಪಿಕೊಳ್ಳುವುದಕ್ಕೆ ಚಕ್ರವರ್ತಿಯೇ ಆಗಬೇಕು. ನಿಧಾನ ಅವನಿಗೆ ಸಲ್ಲುತ್ತದೆ, ಬಿಡಿ. ಅವನಿಗೆ ನಮ್ಮ ಮಾವನಂಥ ಮಾವ ಇರಲಿಲ್ಲ, ಗುಜರಿಯವನೂ ಇರಲಿಲ್ಲ.

ಮಳೆಗಾಲ ಕಳೆಯಿತು. ಇಡೀ ತಾಲೂಕು ಎರಡನೇ ಬೆಳೆಗೆ ನೀರು ಬೇಗ ಬಿಡಲಪ್ಪಾ ಎಂದು ಕಾಯುತ್ತಿದ್ದಾಗ ನಾನೊಬ್ಬ ಮಾತ್ರ ತಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗೊರೇಬಾಳದ ಗಿರಾಕಿಗಳು, ‘ನೀರು ಯಾವಾಗಂತ್ರೀ?’ ಎಂದು ಕೇಳಿದರೆ ಮಾತನ್ನು ಬೇರಿಂಗಿನ ಕಡೆ ತಿರುಗಿಸುತ್ತಿದ್ದೆ. ಈ ಗುಟ್ಟು ಹೊರಗೆ ಬಿದ್ದಿದ್ದರೆ ಅಂಗಡಿಯ ಮೆಟ್ಟಿಲು ಒಬ್ಬನೂ ಹತ್ತುತ್ತಿರಲಿಲ್ಲ. ಕೊನೆಗೊಂದು ದಿನ ನೀರು ಬಿಡುವ ಸುದ್ದಿ ಬಂದೇ ಬಂತು. ಎಂಜಿನ್ ಕಟ್ಟಿ ಮುಗಿದಿತ್ತು, ಆದರೆ ಒಂದು ಸಲವೂ ಚಾಲು ಮಾಡಿ ನೋಡಿರಲಿಲ್ಲ. ಹಾಗೆಯೇ ಲಿಂಗಸುಗೂರಿಗೆ ಒಯ್ದು, ಟೈರು, ಬ್ರೇಕು ಹೊಸದಾಗಿ ಹಾಕಿಸಿಟ್ಟಿದ್ದ ಕಾರಿಗೆ ಕೂರಿಸಿದೆ.

ಕೂರಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಗುಜರಿಯವನೂ ತನ್ನ ಸಣ್ಣ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ಮಾವ ಹೊರಸಿನ ಮೇಲೆ ಮಲಗಿದಲ್ಲಿಂದಲೇ, ‘ರಾಹುಕಾಲ ಹೋಗ್ಲಿ, ಆಮ್ಯಾಲ ನೋಡೂಣು. ಎದ್ದರ ಎದ್ದೀತು, ಇಲ್ಲಾಂದ್ರ ಈತ ಎತ್ತಿಕೊಂಡು ಹೋಗ್ತಾನ’ ಎಂದರು. ಇನ್ನು ಕಾಯಬೇಕು. ನನ್ನಿಂದ ಆಗಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಹೋಗಿ, ಯಾವ ಬಸ್ಸೂ ಬೇಡದೆ ಎಲ್ಲ ಬಸ್ಸುಗಳ ಬೋರ್ಡು ಓದಿ, ಮರಳಿ ಬಂದೆ.

ಬಂದಾಗ ಕಾರಿಗೆ ವಿಭೂತಿ ಹಚ್ಚಿತ್ತು, ಕಾಯಿ ಒಡೆದಿತ್ತು. ಅಕ್ಕ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು. ನಾನು ಕೀಲಿ ತಿರುವಿದೆ. ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಕಾದ ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಪಟಪಟನೆ ಶುರುವಾಗಿ, ತುಸು ಹೊತ್ತಿಗೆ ಒಂದೇ ಸಮನೆ ಗುಂಯ್‌ಗುಟ್ಟಿತು. ಮಾವ ಹೊರಸಿನಿಂದ ಎದ್ದು ನಿಂತಿದ್ದನ್ನು ಕಂಡೆ. ನನಗೆ ಕೂಗಬೇಕೆನಿಸಿತು, ಕೂಗಿದೆ ಕೂಡ. ಅಷ್ಟರಲ್ಲಿ ಹಿಂದೆ ಬೆಳ್ಳನೆಯ ಹೊಗೆ ಕಾಣಿಸಿತು. ತಟ್ಟನೆ ಆಫ್ ಮಾಡಿ, ಆಯಿಲ್ ನೋಡುವ ಕಡ್ಡಿ ಎಳೆದೆ. ಅದಕ್ಕೆ ಅಂಟಿದ್ದ ಆಯಿಲ್ಲಿಗೆ ಹಾಲು ಹೆಚ್ಚಾದ ಚಹಾದ ಬಣ್ಣ!

‘ಇದರಾಗ ನೀರು ಹ್ಯಾಂಗ ಬಂತು?’ ಎಂದು ಚೀರಿದೆ.

‘ನಾ ಹಾಕೀನೋ ತಮ್ಮಾ’ ಎಂದಳು ಅಕ್ಕ. ‘ಮುಚ್ಚಳ ತೆಗದೆ, ಹಾಕಿದೆ. ಎಲ್ಲಾ ಕುಡೀತು ನೋಡು, ಪಾಪ, ಎಷ್ಟು ವರ್ಷದ್ದು ನೀರಡಿಕಿ ಇತ್ತೋ!’

ಅವಳ ತಪ್ಪೇನು? ನಮ್ಮ ಮನೆಗಳಲ್ಲಿ ಹೊಸ ಟ್ರ್ಯಾಕ್ಟರ್ ಬಂದರೆ ಮೊದಲ ತಂಬಿಗೆ ನೀರನ್ನು ಮನೆಯ ಹಿರಿಯ ಹೆಣ್ಣುಮಗಳೇ ರೇಡಿಯೇಟರಿಗೆ ಹಾಕಬೇಕು. ನೀರಡಿಸಿದ ಎತ್ತನ್ನೂ ಗಾಡಿಯನ್ನೂ ಹೊರಗೆ ಹೊರಡಿಸಬಾರದು. ಅಕ್ಕ ಹಿಂದಿನ ಬಾಗಿಲು ಎತ್ತಿ ನೋಡಿದ್ದಾಳೆ, ಥೇಟ್ ರೇಡಿಯೇಟರಿನದೇ ಎನ್ನುವಂಥ ಮುಚ್ಚಳ ಕಂಡಿದೆ. ಅದು ಎಂಜಿನ್ ಆಯಿಲ್ ಹಾಕುವ ಬಾಯಿ. ಈ ಎಂಜಿನ್ ನೀರು ಕುಡಿಯುವುದಿಲ್ಲ ಎಂದು ಸಿಂಧನೂರಿನ ಗಿರಾಕಿಗಳಿಗೆಲ್ಲ ಹೇಳಿದ್ದ ನಾನು ಅಕ್ಕನಿಗೆ ಹೇಳಿರಲಿಲ್ಲ. ಆದರೂ ಆ ಗಳಿಗೆಗೆ ಸಿಟ್ಟು ನೆತ್ತಿಗೇರಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ನನ್ನ ಕೈಯಾರೆ ಕೊಂದೆನೇನೋ?’ ಎಂದಾಗ ಅದು ಹೇಗೆ ಇಳಿಯಿತೋ ಗೊತ್ತಿಲ್ಲ.

‘ಪೂರಾ ಬಿಚ್ಚಬೇಕು. ಇನ್ನೊಂದು ಬೇಸಿಗಿ ಬೇಕು’ ಎಂದೆ.

‘ಹಂಗಾರ ಎತ್ತಲೇನ್ರೀ, ಧಣೀರ?’ ಎಂದು ಗುಜರಿಯವನು ಹಗ್ಗ ತೆಗೆದ.

ಮಾವ ಅವನ ಕಡೆ ನೋಡಲೇ ಇಲ್ಲ. ‘ಏ, ಹಗ್ಗ ಒಳಗಿಡಪಾ’ ಎಂದವರು ನನ್ನ ಮೇಲೆ ತಿರುಗಿದರು. ‘ಕೆಸರುಗದ್ಯಾಗ ಟ್ರ್ಯಾಕ್ಟರಿನ ಗೇರ್‌ಬಾಕ್ಸಿಗೆ ನೀರು ಹೋದ್ರ ಏನು ಮಾಡ್ತೀಯಲೇ? ಆಯಿಲ್ ಬಿಸಿ ಇದ್ದಾಗ ಇಳಸು, ಹೊಸಾದು ಹಾಕು, ಮತ್ತ ಇಳಸು. ಬಿಚ್ಚತೀನಿ ಅಂತ, ಬಿಚ್ಚತೀನಿ! ನಿನಗ ಬಿಚ್ಚೂದೊಂದ ಗೊತ್ತು.’

ಅವರ ಮಾತು ಸರಿಯಾಗಿತ್ತು. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೂ ಆಯಿತು. ಮತ್ತೆ ಬಿಚ್ಚುವ ನೆಪಕ್ಕೆ ಕೈ ಆಗಲೇ ಬೋಲ್ಟು ತಿರುವುವ ಪಾನಾ ಹುಡುಕುತ್ತಿತ್ತು. ಕೈಗೆ ಕೆಲಸ ಉಳಿಯುತ್ತದೆ ಎಂಬ ಆಸೆಯಲ್ಲಿ ಅಕ್ಕನ ಆಸೆಯನ್ನೇ ಮರೆಯಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಇಳಿಸಿದೆವು, ಹಾಕಿದೆವು, ಮತ್ತೆ ಇಳಿಸಿದೆವು. ಗುಜರಿಯವನೂ ತೋಳೇರಿಸಿ ಡಬ್ಬಿ ಹಿಡಿದ. ಮಧ್ಯಾಹ್ನ ತಿರುಗುವ ಹೊತ್ತಿಗೆ ಕಡ್ಡಿಯ ಮೇಲೆ ಆಯಿಲ್ ಜೇನಿನ ಬಣ್ಣಕ್ಕೆ ಬಂತು. ಎಂಜಿನ್ ಮತ್ತೆ ಎದ್ದಿತು, ಹೊಗೆಯಿಲ್ಲದೆ ಎದ್ದಿತು. ಮಾವ ಒಳಗೆ ಹೋಗಿ ಇಸ್ತ್ರಿ ಅಂಗಿ ಹಾಕಿ, ರುಮಾಲು ಸುತ್ತಿಕೊಂಡು ಬಂದು ಕೈ ಚಾಚಿದರು: ‘ಕೀಲಿ ತಾ.’ ಅಕ್ಕ ಇಳಕಲ್ ಸೀರೆ ಉಟ್ಟು ಬಂದು ಅವರ ಪಕ್ಕದಲ್ಲಿ ಕೂತಳು. ನಾನೂ ಕೈಕಾಲು ತೊಳೆದು ಹಿಂದಿನ ಸೀಟಿಗೆ ಹತ್ತಲು ಹೋದೆ. ಹಿಂದೆ ಸೀಟೇ ಇರಲಿಲ್ಲ! ಓಟದ ಕಾರಿಗೆ ಇರುವುದೇ ಎರಡು ಸೀಟು. ಇಷ್ಟು ತಿಂಗಳು ಅದರ ಎಂಜಿನ್ನಿನೊಳಗೆ ತಲೆ ತುರುಕಿಕೊಂಡಿದ್ದವನಿಗೆ ಸೀಟು ಎಣಿಸುವ ಬುದ್ಧಿ ಬಂದಿರಲಿಲ್ಲ.

‘ಬಸ್ಸು ಭಾಳ ಅದಾವು ಬಿಡು’ ಎಂದರು ಮಾವ. ಗೇಟು ದಾಟಿ ಹೋದರು. ಎಂಜಿನ್ನಿನ ಸದ್ದು ದೂರವಾಗುತ್ತ ಹೋಗುವುದನ್ನು ಕೇಳಿದ್ದು ಅದೇ ಮೊದಲು. ಅಂಗಳದಲ್ಲಿ ಉಳಿದವರು ನಾನು ಮತ್ತು ಗುಜರಿಯವನು.

‘ಬಂದ ಗಾಡಿ ಖಾಲಿ ಹೋಗಬಾರದು ನೋಡ್ರಿ. ನಾನೂ ಸಿಂಧನೂರಿಗೇ ಹೊಂಟೀನಿ, ಹತ್ರಿ’ ಎಂದ ಅವನು. ಅವನ ಪಕ್ಕದಲ್ಲಿ, ಹಳೆ ವೈರಿನ ಚೀಲವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಆ ದಿನ ಮಾವನ ಮನೆಯಿಂದ ಗುಜರಿ ಗಾಡಿಗೆ ಬಿದ್ದ ಸಾಮಾನೆಂದರೆ ನಾನೊಬ್ಬನೇ.

ದಾರಿಯಲ್ಲೇ ಸಿಗುವ ಮಸ್ಕಿಯಲ್ಲಿ ನಮ್ಮ ಓಣಿಯ ಬಾಯಿಗೇ ಕಾರು ನಿಂತಿತ್ತು. ಸುತ್ತ ಹೆಣ್ಣುಮಕ್ಕಳ ಗುಂಪು. ಅಕ್ಕ ಇಳಿದಿರಲಿಲ್ಲ. ಗಾಜು ಇಳಿಸಿ, ಮೊಣಕೈ ಹೊರಗೆ ಚಾಚಿ ಕೂತಿದ್ದಳು. ಗೆಳತಿಯರು ಒಬ್ಬೊಬ್ಬರಾಗಿ ಬಗ್ಗಿ ಮಾತಾಡಿಸುತ್ತಿದ್ದರು. ಅವಳು ಏನೋ ಹೇಳಿದ್ದಕ್ಕೆ ಎಲ್ಲರೂ ಗೊಳ್ಳೆಂದು ನಕ್ಕರು.

‘ನಿಂದ್ರಸ್ಲೇನ್ರೀ?’ ಎಂದ ಗುಜರಿಯವನು.

‘ಬ್ಯಾಡೋ ಮಾರಾಯಾ, ಜಲ್ದಿ ಹೊಡಿ’ ಎಂದು ಚೀಲವನ್ನು ಮುಖದ ತನಕ ಎತ್ತಿಕೊಂಡೆ. ‘ಕಾರಿನಾಕಿ ತಮ್ಮ ಗುಜರಿ ಗಾಡ್ಯಾಗ ಹೊಂಟಾನ ಅಂತ ಅವರು ನೋಡಿದ್ರ, ನಮ್ಮಕ್ಕನ ಗತಿ ಏನು?’