ಕೆಚ್ಚಲಿನ ಮೇಲಿನ ಕೆಂಪು

"ನೋಡಿ, ಬಲಗಡೆ ಹೇಗೆ ಕೆಂಪಾಗಿದೆ! ಇದು ಕೆಚ್ಚಲು ಬಾವು" ಎಂದು ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಟ್ಟಿಯಾಗಿ ಸಾರಿದೆ. ಯಲ್ಲದಕೆರೆಯ ಆ ಕೊಟ್ಟಿಗೆಯಲ್ಲಿ ನನ್ನ ಹಿಂದೆಯೇ ನಿಂತಿದ್ದ ಮನೆಯ ಯಜಮಾನಿ ಗೌರಜ್ಜಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

"ಅದು ಕುಂಕುಮ ಸ್ವಾಮಿ! ದೃಷ್ಟಿ ತಾಕೈತೇನೋ ಅಂತ ಬೆಳಿಗ್ಗೆ ನಾನೇ ಪೂಜೆ ಮಾಡಿ ಹಚ್ಚಿದ್ದು. ಬಾವು ಎಡಗಡೆ ಐತೆ, ಅಲ್ಲಿ ಹಚ್ಚಾಕೆ ಎಲ್ಲಿ ಬಿಡ್ತಾಳೆ ಇವಳು? ನೀವೇ ಮುಟ್ಟಿ ನೋಡ್ರಿ."

ಸರ್ಕಾರದ ದನದ ಡಾಕ್ಟರಾಗಿ ಹಿರಿಯೂರಿಗೆ ಬಂದು ನನಗಿನ್ನೂ ಒಂದು ವಾರ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಎಡಗಡೆ ಕೈಯಿಟ್ಟರೆ ಕೆಚ್ಚಲು ನನ್ನ ಕಿವಿಗಿಂತ ಬಿಸಿ, ಕಲ್ಲಿನಷ್ಟು ಗಟ್ಟಿ. ಹಸು ನೋವಿಗೆ ಕಾಲು ಝಾಡಿಸಿತು. ಅಜ್ಜಿ ಅದರ ಬೆನ್ನು ಸವರಿ ಸಮಾಧಾನ ಮಾಡಿ, ಹೆಗಲ ಮೇಲಿನ ಕರಿ ಕಂಬಳಿಯ ಅಂಚನ್ನು ಆ ಮೊಲೆಯ ಕೆಳಗೆ ಹಿಡಿದು ಎರಡು ಧಾರೆ ಹಿಂಡಿದಳು. ಬೆಳಿಗ್ಗೆ ಹಿಂಡಿಟ್ಟಿದ್ದ ತಂಬಿಗೆಯಲ್ಲಿ ನನಗೆ ಬರಿ ಹಾಲಾಗಿ ಕಂಡದ್ದು, ಕರಿ ಕಂಬಳಿಯ ಮೇಲೆ ಒಡೆದ ಮೊಸರಿನ ಚೂರುಗಳಾಗಿ ನಿಂತಿತು.

ದಿನಕ್ಕೆ ನಾಲ್ಕಾರು ಸಲ ಬಿಸಿನೀರಿನ ಶಾಖ ಕೊಟ್ಟು, ಕೆಟ್ಟ ಹಾಲನ್ನು ಪೂರ್ತಿ ಹಿಂಡಿ ಚೆಲ್ಲಲು ಹೇಳಿದೆ. ವಾರ ಬಿಟ್ಟು ನಾನು ಮತ್ತೆ ಹೋದಾಗ ಕರು ಅದೇ ಮೊಲೆಗೆ ಬಾಯಿ ಹಾಕಿ ಬಾಲ ಅಲ್ಲಾಡಿಸುತ್ತಿತ್ತು. ಮೊಲೆ ಬತ್ತಿಹೋಗಿರಲಿಲ್ಲ.

ಹಾಲು ಹಿಂಡಿ ನೋಡಲೆಂದು ಅಂದು ಅಜ್ಜಿ ಕತ್ತರಿಸಿ ಕೊಟ್ಟ ಕಂಬಳಿ ತುಂಡು ಈಗಲೂ ನನ್ನ ಔಷಧಿ ಪೆಟ್ಟಿಗೆಯಲ್ಲಿದೆ. ಜೊತೆಗೊಂದು ಒದ್ದೆ ಬಟ್ಟೆಯನ್ನೂ ಇಟ್ಟುಕೊಳ್ಳುತ್ತೇನೆ. ಎಲ್ಲಿ ಕೆಂಪು ಕಂಡರೂ ಮೊದಲು ಒರೆಸುತ್ತೇನೆ, ಆಮೇಲೆ ಬಾಯಿ ತೆರೆಯುತ್ತೇನೆ.