ಚೆನ್ನಾಗಿ ಬೀಳುತ್ತಿದ್ದ ಮೇಷ್ಟ್ರು

ಪ್ರಥಮ ಚಿಕಿತ್ಸೆ ಕಲಿಸಲು ಶಾಲೆಯಿಂದ ಶಾಲೆಗೆ ತಿರುಗುತ್ತಿದ್ದ ಬ್ಯಾಂಡೇಜ್ ಮೇಷ್ಟ್ರಿಗೆ ಪಾಠಕ್ಕಿಂತ ಬೀಳುವುದರ ಮೇಲೇ ಪ್ರೀತಿ ಹೆಚ್ಚು. ಇಲಾಖೆಯವರು ಕೊಟ್ಟ ರಬ್ಬರ್ ಬೊಂಬೆಯನ್ನು ಎಂದೋ ಅಟ್ಟ ಹತ್ತಿಸಿದ್ದರು. ಅದಕ್ಕೇನು ನರಳಲು ಬರುತ್ತದೆಯೇ? ರೋಗಿಯ ಪಾತ್ರ ತಮ್ಮದೇ. ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ಎದೆ ಹಿಡಿದು, ಕಣ್ಣು ಮೇಲೆ ಮಾಡಿ, ಧೊಪ್ಪೆಂದು ಉರುಳಿದರೆ ಹೊಸ ಮಕ್ಕಳು ಚಿಟ್ಟನೆ ಚೀರಬೇಕು. ಚಿಕಿತ್ಸೆಯೆಲ್ಲ ಮುಗಿದ ಮೇಲೆ ಎದ್ದು, ಪ್ಯಾಂಟಿನ ಧೂಳು ಕೊಡವಿ, ಬಾಗಿ ಚಪ್ಪಾಳೆ ಗಿಟ್ಟಿಸಿಕೊಳ್ಳಬೇಕು. ಅದಿಲ್ಲದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ನಾಟಕದ ಕಂಪನಿ ಸೇರ್ಬೇಕಿತ್ತು ನೀವು," ಎಂದು ಹೆಂಡತಿ ಹಂಗಿಸುತ್ತಿದ್ದರು. "ಸಕ್ಕರೆ ಕಾಯಿಲೆ ಇಟ್ಕೊಂಡು ಈ ವಯಸ್ಸಲ್ಲಿ ನೆಲದ ಮೇಲೆ ಹೊರಳಾಟ ಬೇರೆ!"

ಆ ದಿನ ಇನ್ಸುಲಿನ್ ಚುಚ್ಚಿಕೊಂಡವರು, ಬಸ್ಸು ತಪ್ಪೀತೆಂದು ಏನೂ ತಿನ್ನದೆ ಓಡಿದರು. "ಬಾಯಿಗಿಷ್ಟು ಹಾಕ್ಕೊಂಡು ಹೋಗ್ರೀ!" ಎಂದು ಹೆಂಡತಿ ಬಾಗಿಲ ತನಕ ಬಂದು ಕೂಗಿದರು. ಊರಿಗೆಲ್ಲ ಬುದ್ಧಿ ಹೇಳುವವರಿಗೆ ಮನೆಯವರ ಮಾತು ಯಾತಕ್ಕೆ?

ಅವರು ಬೀಳುವುದನ್ನು ಎಷ್ಟೋ ಸಲ ನೋಡಿದ್ದ ಆರನೇ ತರಗತಿಯಲ್ಲಿ ಸುಟ್ಟ ಗಾಯದ ಪಾಠ ನಡೆದಿತ್ತು. ಕೈ ನಡುಗಿತು, ಬೆವರು ಕಿತ್ತುಕೊಂಡಿತು, ಮೇಷ್ಟ್ರು ಬಿದ್ದರು. ಈ ಸಲ ನಿಜವಾಗಿಯೇ ಬಿದ್ದರು.

ಇಡೀ ತರಗತಿ ಚಪ್ಪಾಳೆ ತಟ್ಟಿತು.

ಕಣ್ಣು ತೆರೆಯಲಾಗದಿದ್ದರೂ ಎಲ್ಲವೂ ದೂರದಿಂದೆಂಬಂತೆ ಕಿವಿಗೆ ಬೀಳುತ್ತಿತ್ತು. "ಸಾರ್, ಕೇಳಿಸ್ತಿದ್ಯಾ?" ಎಂದು ಒಬ್ಬಳು ಭುಜ ತಟ್ಟಿದಳು. ಉಸಿರು ನೋಡಿದರು, ಪಕ್ಕಕ್ಕೆ ಹೊರಳಿಸಿದರು. "ಯಾರೂ ನೀರು ಕುಡಿಸ್ಬೇಡ್ರೋ!" ಎಂದು ಇನ್ನೊಬ್ಬ ಗದರಿದ. ಅಬ್ಬಾ, ಒಂದೂ ತಪ್ಪಿಲ್ಲ! ಆ ಸ್ಥಿತಿಯಲ್ಲೂ ಮೇಷ್ಟ್ರ ಎದೆ ಉಬ್ಬಿತು. ಇನ್ನು ಆಂಬುಲೆನ್ಸಿಗೆ ಫೋನ್ ಮಾಡುವ ಸರದಿ. ಕ್ಲಾಸ್ ಲೀಡರ್ ಹುಡುಗಿ ಗಂಟಲು ಸರಿಮಾಡಿಕೊಂಡು, ಶಾಲೆಯ ವಿಳಾಸ, ಎದುರಿನ ಔಷಧಿ ಅಂಗಡಿ, ರೋಗಿಯ ವಯಸ್ಸು ಎಲ್ಲವನ್ನೂ ಅಚ್ಚುಕಟ್ಟಾಗಿ ಒಪ್ಪಿಸಿದಳು. ಒಪ್ಪಿಸಿದ್ದು ಬೋರ್ಡ್ ಒರೆಸುವ ಡಸ್ಟರಿಗೆ.

ಡಸ್ಟರನ್ನೇ ಫೋನ್ ಅಂದ್ಕೊಳ್ಳಿ ಎಂದು ಕಲಿಸಿದವರು ಮೇಷ್ಟ್ರೇ. 'ಅಯ್ಯೋ ತಾಯಿ, ನಿಜವಾದ ಫೋನು ನನ್ನ ಜೇಬಲ್ಲಿದೆ' ಎನ್ನಲು ನಾಲಿಗೆ ಹೊರಳಲಿಲ್ಲ. ಸತ್ತೇ ಹೋಗುತ್ತೇನೆಂಬ ಭಯ ಜೀವಮಾನದಲ್ಲಿ ಮೊದಲ ಸಲ ಹುಟ್ಟಿತು. ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ನೆನಪಾಗಿ ಅಳು ಬಂತು, ಅದೂ ಹೊರಗೆ ಬರಲಿಲ್ಲ. ಮಕ್ಕಳಾದರೋ ಸಾರ್ ಎದ್ದು ಬಾಗುವುದನ್ನೇ ಕಾಯುತ್ತ ಸುತ್ತ ಕುಳಿತರು.

ಜೀವ ಉಳಿಸಿದ್ದು ಗಲಾಟೆ. ರೋಗಿಯ ನೆಂಟರ ಪಾತ್ರ ಸಿಕ್ಕಿದ್ದ ಮಕ್ಕಳು ನಾ ಮುಂದು ತಾ ಮುಂದು ಎಂದು ಗೋಳೋ ಅಂತ ಅಳತೊಡಗಿದಾಗ, ಪ್ರಥಮ ಚಿಕಿತ್ಸೆಯ ಪಾಠ ಬರೀ ಕಾಲಹರಣವೆಂದು ನಂಬಿದ್ದ ಹೆಡ್ ಮೇಡಂ ಬೈಯಲು ಬಂದರು.

"ಏಳ್ರೀ ಮೇಷ್ಟ್ರೇ, ಸಾಕು ನಿಮ್ಮ ನಾಟಕ!" ಎಂದು ಕೈ ಹಿಡಿದೆಳೆದರು. ಕೈ ತಣ್ಣಗೆ, ಬೆವರಲ್ಲಿ ತೊಯ್ದು ಹೋಗಿತ್ತು. ಮೇಡಂ ಫೋನಿಗೆ ಓಡಿದರು.

ಆಸ್ಪತ್ರೆಯಿಂದ ಬಂದ ಮೇಲೆ ಮೇಷ್ಟ್ರು ಅದೇ ತರಗತಿಗೆ ಹೋಗಿ, ಕುರ್ಚಿಯಲ್ಲಿ ಕುಳಿತೇ ಮಾತಾಡಿದರು. "ಮಕ್ಳೇ, ಅವತ್ತು ನಂಗೆ ತುಂಬಾ ಭಯ ಆಯ್ತು. ಇನ್ಮೇಲೆ ನಾನು ಸುಮ್‌ಸುಮ್ನೆ ಬೀಳಲ್ಲ. ಬಿದ್ರೆ ನಿಜ ಅಂತ್ಲೇ ತಿಳ್ಕೊಂಡು, ನಿಜವಾದ ಫೋನ್ ಮಾಡಿ. ಆಯ್ತಾ?"

ಮಕ್ಕಳ ಮುಖ ಸಪ್ಪಗಾಯಿತು. ಕ್ಲಾಸ್ ಲೀಡರ್ ಮೆಲ್ಲಗೆ ಕೈಯೆತ್ತಿದಳು.

"ಹಾಗಾದ್ರೆ ಯಾವತ್ತು ಬೀಳ್ತೀರಾ ಸಾರ್?"