ಹತ್ತು ಬೆರಳಿನ ತಯಾರಿ

ಟೈಲ್ಸಕ್ಕ ಎಂದರೆ ಆ ಬಡಾವಣೆಯಲ್ಲಿ ಗೊತ್ತಿಲ್ಲದವರಿಲ್ಲ. ಅರ್ಧಕ್ಕರ್ಧ ಮನೆಗಳ ಬಚ್ಚಲಿನ ನೆಲ ಅವಳ ಕೈಯದೇ. ನಲವತ್ತು ದಾಟಿದ್ದರೂ ಮೊಣಕಾಲೂರಿ ಕೂತಳೆಂದರೆ ಊಟಕ್ಕೆ ಯಾರಾದರೂ ಕೂಗಿ ಎಬ್ಬಿಸಬೇಕು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಒಂದು ಕೋಣೆಯ ನೆಲ ಮುಗಿಯುವಷ್ಟರಲ್ಲಿ ಆ ಮನೆಯವರ ಕಥೆಯೆಲ್ಲ ಅವಳಿಗೆ, ಅವಳ ಕಥೆಯೆಲ್ಲ ಆ ಮನೆಯವರಿಗೆ ಬಾಯಿಪಾಠವಾಗಿರುತ್ತಿತ್ತು.

ಇಂಥವಳಿಗೆ ಹೊರದೇಶದ ಕೆಲಸ ಸಿಕ್ಕಿತು. ಸಮುದ್ರದ ದಡದಲ್ಲಿ ದೊಡ್ಡ ಹೋಟೆಲು ಕಟ್ಟುತ್ತಿದ್ದ ಕಂಪನಿಯವರು ಕೆಲಸಗಾರರನ್ನು ಆರಿಸಲು ಬಂದಿದ್ದರು. ಬೋಳು ಗೋಡೆಯೊಂದನ್ನು ತೋರಿಸಿ, ಟೈಲ್ಸ್ ಹಾಕಿ ನೋಡೋಣ ಎಂದರು. ಹಾಕಿದಳು. ಸಂಜೆಗೆಲ್ಲ "ಬರ್ತೀರಾ?" ಎಂದು ಕೇಳಿಯೂ ಬಿಟ್ಟರು.

ಮನೆಯಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ, ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. "ಮತ್ಯಾಕೆ ಅಷ್ಟು ದೂರ?" ಎಂದ ಗಂಡ.

"ನೋಡ್ಬೇಕು ಕಣ್ರೀ. ಇಷ್ಟು ವರ್ಷ ತಲೆ ತಗ್ಗಿಸ್ಕೊಂಡು ಕಂಡೋರ ಮನೆ ನೆಲ ನೋಡಿದ್ದಾಯ್ತು. ಒಂದ್ಸಲ ತಲೆ ಎತ್ತಿ ಬೇರೆ ದೇಶ ನೋಡ್ತೀನಿ."

ಅವನು ಒಂದು ದಿನವೆಲ್ಲ ಮುಖ ಊದಿಸಿಕೊಂಡು ಓಡಾಡಿದ. ಮರುದಿನ ಬೆಳಿಗ್ಗೆ ತಾನೇ ಅಟ್ಟ ಹತ್ತಿ ಹಳೆಯ ಸೂಟ್‌ಕೇಸು ಇಳಿಸಿ, ಧೂಳು ಒರೆಸುತ್ತ ಕೂತ.

ತೊಡಕು ಎದುರಾದದ್ದು ವೀಸಾ ಕಚೇರಿಯಲ್ಲಿ. ಕೌಂಟರಿನ ಹುಡುಗಿ ಗಾಜಿನ ಮೇಲೆ ಬೆರಳು ಒತ್ತಲು ಹೇಳಿದಳು. ಒತ್ತಿದಳು, ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದರೂ ಕೆಂಪು, ಬಾಯಿಂದ ಊದಿ ಒತ್ತಿದರೂ ಕೆಂಪು. ಹುಡುಗಿ ಅವಳ ಅಂಗೈ ತಿರುಗಿಸಿ ನೋಡಿ, "ಅಯ್ಯೋ, ನಿಮ್ಗೆ ಬೆರಳಲ್ಲಿ ಗೆರೆಗಳೇ ಇಲ್ವಲ್ಲ ಮೇಡಂ!" ಎಂದಳು.

ಹೌದು, ಸಿಮೆಂಟು ಇಷ್ಟು ವರ್ಷದಿಂದ ಬೆರಳ ತುದಿಗಳನ್ನು ಸದ್ದಿಲ್ಲದೆ ತಿಂದು ನುಣ್ಣಗೆ ಮಾಡಿತ್ತು. ಕಂಡೂ ಕಾಣದಂಥ ಅಚ್ಚು ಹೇಗೋ ಸಿಕ್ಕಿ ಅರ್ಜಿಯೇನೋ ಮುಂದೆ ಹೋಯಿತು. ಆದರೆ ಹುಡುಗಿ ಎಚ್ಚರಿಸಿದಳು: "ಅಲ್ಲಿ ವಿಮಾನ ಇಳಿದ ಕೂಡ್ಲೇ ಇಮಿಗ್ರೇಶನ್ನಲ್ಲಿ ಮತ್ತೆ ಒತ್ತಿಸ್ಕೋತಾರೆ. ಅಲ್ಲೀವರ್ಗೂ ಕೈಗೆ ರಜಾ ಕೊಡಿ. ಗೆರೆ ವಾಪಸ್ ಬೆಳೆಯುತ್ತೆ."

ಆವತ್ತಿನಿಂದ ಆ ಎರಡು ಕೈಗಳಿಗೆ ರಾಜಮರ್ಯಾದೆ ಶುರುವಾಯಿತು. ಬ್ಯೂಟಿ ಪಾರ್ಲರ್ ನಡೆಸುವ ತಂಗಿ ಬಂದು ಅಕ್ಕನ ಬೆರಳುಗಳನ್ನು ಬಿಸಿನೀರಲ್ಲಿ ನೆನೆಸಿ, ಗ್ಲಿಸರಿನ್ ಹಚ್ಚಿ, ಹತ್ತಿಯ ಕೈಗವಸು ತೊಡಿಸಿದಳು. ಪಾತ್ರೆ ತೊಳೆಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಗಂಡ ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ. "ನಿನ್ನ ಬೆರಳು ಬೆಳೆಯೋ ಅಷ್ಟ್ರಲ್ಲಿ ನನ್ನ ಬೆರಳು ಸವೆಯುತ್ತೆ ಕಣೇ" ಎಂದು ಗೊಣಗುತ್ತಲೇ ತಟ್ಟೆಗಳನ್ನು ಫಳಫಳ ಹೊಳೆಯಿಸಿದ.

ಬೆರಳಿನ ಹೊಣೆ ತಂಗಿಯದಾದರೆ, ಮಾತಿನ ಹೊಣೆ ಹೊತ್ತವರು ಮಾವ. ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ವಿಮಾನದ ಮೆಟ್ಟಿಲನ್ನೂ ಕಂಡವರಲ್ಲ. ಆದರೂ ಅಧಿಕಾರಿಯ ಮುಂದೆ ಹೇಗೆ ನಿಲ್ಲಬೇಕು ಎನ್ನುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂದು ಅವರ ನಂಬಿಕೆ. ದಿನಾ ಸಂಜೆ ಇಸ್ತ್ರಿ ಮೇಜಿನ ಹಿಂದೆ ಎತ್ತರದ ಸ್ಟೂಲು ಹಾಕಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂರುತ್ತಿದ್ದರು. ಸೊಸೆ ಪಾಸ್‌ಪೋರ್ಟು ಹಿಡಿದು ಬಾಗಿಲಿಂದ ನಡೆದು ಬರಬೇಕು.

"ಎಲ್ಲಿಗೆ ಹೊರಟಿದ್ದೀರಿ?"

"ಅಯ್ಯೋ, ಅದೊಂದು ದೊಡ್ಡ ಕಥೆ ಮಾವ. ಆ ಕಂಪನಿಯೋರು ಬಂದಿದ್ರಲ್ಲ, ಆವತ್ತು ನಂಗೆ ಬೆಳಿಗ್ಗೆಯಿಂದ..."

"ಮುಂದಿನವರು ಬನ್ನಿ!" ಮಾವ ಪಾಸ್‌ಪೋರ್ಟನ್ನು ಪಕ್ಕಕ್ಕೆ ತಳ್ಳಿದರು. "ನಾನು ಮಾವ ಅಲ್ಲಮ್ಮ, ಆಫೀಸರು. ಬಸ್ಸಲ್ಲಿ ಟಿಕೆಟ್ ಇಲ್ದೋರೇ ಜಾಸ್ತಿ ಮಾತಾಡ್ತಿದ್ದಿದ್ದು. ಟಿಕೆಟ್ ಇದ್ದೋರು ಸುಮ್ನೆ ತೋರಿಸಿ ಕಿಟಕಿ ಕಡೆ ತಿರುಗ್ಬಿಡ್ತಿದ್ರು. ನಿನ್ನ ಹತ್ರ ಎಲ್ಲಾ ಸರಿಯಾಗಿದೆ ತಾನೆ? ಕೇಳಿದ್ದಕ್ಕಷ್ಟೇ ಹೇಳು."

ಅವಳ ಹಿಂದೆ ಗಂಡನೂ ಪಾತ್ರೆ ಒರೆಸುವ ಬಟ್ಟೆ ಹೆಗಲಿಗೇರಿಸಿಕೊಂಡು ಸಾಲಿನಲ್ಲಿ ನಿಂತಿದ್ದ. "ಸಾರ್, ನಾನು ಇವಳ ಜೊತೆಗೇ ಹೋಗ್ಬಹುದಾ?"

"ವೀಸಾ ಇದ್ಯಾ?"

"ಮದುವೆ ಆಗಿದೆ ಸಾರ್."

"ಅದು ಇಲ್ಲಿ ನಡೆಯಲ್ಲ. ಪಕ್ಕಕ್ಕೆ ನಿಂತ್ಕೊಳ್ಳಿ."

ನಕ್ಕು ನಕ್ಕು ಟೈಲ್ಸಕ್ಕ ಮೇಜಿಗೆ ಒರಗಿಕೊಂಡಳು. ಇಂಗ್ಲಿಷಿನ ಉತ್ತರಗಳನ್ನು ಮಗಳು ಫೋನಿನಲ್ಲಿ ಹೇಳಿಕೊಟ್ಟಳು. ಯಾವ ಕೆಲಸ, ಯಾವ ಕಂಪನಿ, ಎಲ್ಲಿ ಉಳಿಯುವುದು, ಎಷ್ಟು ವರ್ಷ. ಬೀದಿಯಲ್ಲಿ ನಡೆಯುವಾಗಲೂ ಅವಳ ತುಟಿ ಅಲುಗುತ್ತಿತ್ತು. ತರಕಾರಿ ಅಂಗಡಿಯವನು "ಎಷ್ಟಕ್ಕ?" ಎಂದರೆ "ಟೂ ಇಯರ್ಸ್" ಎಂದುಬಿಟ್ಟಳು.

ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನೆ ಕೂರುವುದು. ಒಂದು ಮಧ್ಯಾಹ್ನ ಎದುರುಮನೆಯ ವರಾಂಡದಲ್ಲಿ ಯಾರೋ ಟೈಲ್ಸ್ ಬಡಿಯುವ ಸದ್ದು ಕೇಳಿಸಿತು. ನೋಡಿ ಬರುತ್ತೇನೆ ಎಂದು ಹೋದವಳು ಹೊತ್ತಾದರೂ ಬರಲಿಲ್ಲ. ತಂಗಿ ಹುಡುಕಿಕೊಂಡು ಹೋದರೆ ಅಕ್ಕ ಕೈಗವಸು ಬಿಚ್ಚಿಟ್ಟು ಕರಣೆ ಹಿಡಿದು ಕೂತಿದ್ದಾಳೆ! ರಟ್ಟೆ ಹಿಡಿದು ಎಳೆತಂದ ತಂಗಿ ಇಡೀ ಸಂಜೆ ಮಾತು ಬಿಟ್ಟಳು. ಆದರೆ ಗ್ಲಿಸರಿನ್ ಹಚ್ಚುವುದನ್ನು ಮಾತ್ರ ಬಿಡಲಿಲ್ಲ.

ಹೊರಡುವ ದಿನ ಹತ್ತಿರವಾಗುತ್ತಿದ್ದಾಗ ಒಂದು ಬೆಳಿಗ್ಗೆ ಟೈಲ್ಸಕ್ಕ ಗಂಟೆ ನೋಡಲು ಫೋನು ಎತ್ತಿಕೊಂಡಳು. ಬೆರಳಿಟ್ಟರೆ ತೆರೆಯುವ ಆ ಫೋನು ಕೊಂಡಾಗಿನಿಂದಲೂ ಅವಳ ಬೆರಳನ್ನು ಗುರುತಿಸಿದ್ದೇ ಇಲ್ಲ. ಮಗಳು ರಜೆಗೆ ಬಂದಾಗ ಅದರಲ್ಲಿ ಬೆರಳಚ್ಚನ್ನು ಹೊಸದಾಗಿ ಸೇರಿಸಿಕೊಟ್ಟು ಹೋದಮೇಲೂ ಜಪ್ಪಯ್ಯ ಎಂದಿರಲಿಲ್ಲ. ಈಗ ಹಾಗೇ ಬೆರಳು ತಾಗಿಸಿದ್ದೇ ತಡ, ತೆರೆದುಕೊಂಡಿತು. ನಂಬಿಕೆ ಬಾರದೆ ಮುಚ್ಚಿ ಮತ್ತೆ ತಾಗಿಸಿದಳು. ಮತ್ತೆ ತೆರೆಯಿತು!

"ರೀ! ಮಾವಾ! ಗೆರೆ ಬಂತು!"

ಗಂಡ ನೊರೆಗೈಯಲ್ಲೇ ಓಡಿಬಂದ. ಮಾವ ಭೂತಗನ್ನಡಿ ತಂದು ಸೊಸೆಯ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಇದೆ. ಸಣ್ಣದಾಗಿದೆ, ಆದ್ರೆ ಇದೆ" ಎಂದು ತೀರ್ಪು ಕೊಟ್ಟರು. ಫೋನಿನಲ್ಲಿ ಸುದ್ದಿ ಕೇಳಿದ ತಂಗಿ ಪಾರ್ಲರಿನ ಗಿರಾಕಿಗಳಿಗೆಲ್ಲ ಹೇಳಿದಳಂತೆ.

ವಿಮಾನ ನಿಲ್ದಾಣದಲ್ಲಿ ಹೊರಡುವಾಗಿನ ತಪಾಸಣೆ ಕಣ್ಣುಮುಚ್ಚಿ ಬಿಡುವುದರೊಳಗೆ ಮುಗಿದುಹೋಯಿತು. ಅಧಿಕಾರಿ ಮುಖ ನೋಡಿದ, ಚಿತ್ರ ನೋಡಿದ, ಮುದ್ರೆ ಒತ್ತಿದ. ಇಷ್ಟೇನಾ ಎಂದು ಅವಳಿಗೆ ಒಂಥರಾ ನಿರಾಸೆಯೇ ಆಯಿತು. ವಿಮಾನ ಮೇಲೇರುವಾಗ ಗೊತ್ತಿಲ್ಲದ ಪಕ್ಕದ ಹೆಂಗಸಿನ ಕೈ ಹಿಡಿದುಕೊಂಡು ನಕ್ಕಳು. ಆ ಹೆಂಗಸೂ ನಕ್ಕಳು.

ಇಳಿದ ಮೇಲೆ ಉದ್ದನೆಯ ಸಾಲು. ಮುಂದೆ ಗಾಜಿನ ಗೂಡು, ಒಳಗೆ ಚಿಕ್ಕ ವಯಸ್ಸಿನ ಅಧಿಕಾರಿ. ಕೇಳಿದ್ದಕ್ಕೆಲ್ಲ ಚುಟುಕಾಗಿ, ತಡವರಿಸದೆ ಉತ್ತರ ಕೊಟ್ಟಳು. ಬಲಗೈಯ ನಾಲ್ಕು ಬೆರಳು ಒತ್ತಿದಳು, ಹಸಿರು! ಎಡಗೈಯದೂ ಹಸಿರು! ಹೆಬ್ಬೆರಳಿಗೆ ಬಂದಾಗ ಕೆಂಪು. ಮತ್ತೊಮ್ಮೆ ಒತ್ತಿದಳು, ಮತ್ತೆ ಕೆಂಪು. ಅಧಿಕಾರಿ ಪಕ್ಕದ ಕೋಣೆಯ ಕಡೆ ಕೈ ತೋರಿಸಿದ.

ಕೋಣೆಯಲ್ಲಿ ನೆರೆಗೂದಲಿನ ಅಧಿಕಾರಿಣಿಯೊಬ್ಬಳು ಕೂತಿದ್ದಳು. ಬೆರಳುಗಳನ್ನು ನೋಡಿ, ಇವು ಯಾಕೆ ಹೀಗಾಗಿವೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇದನ್ನು ಮಾವನೂ ಕೇಳಿರಲಿಲ್ಲ, ಮಗಳೂ ಕಲಿಸಿರಲಿಲ್ಲ. ಟೈಲ್ಸಕ್ಕ ಚೀಲ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಮೊಣಕಾಲೂರಿದಳು. ಗಾಳಿಯಲ್ಲೇ ಸಿಮೆಂಟು ಕಲಸಿದಳು, ಹರಡಿದಳು, ಟೈಲ್ಸ್ ಇಟ್ಟಳು, ಕರಣೆಯ ಹಿಡಿಯಿಂದ ಟಕ್ ಟಕ್ ತಟ್ಟಿದಳು, ಬೆರಳಿಂದ ಸಂದು ಒರೆಸಿದಳು. ಆಮೇಲೆ ಆ ಬೆರಳನ್ನೇ ಮೇಲೆತ್ತಿ ತೋರಿಸಿದಳು.

ಅಧಿಕಾರಿಣಿ ಗೊಳ್ಳೆಂದು ನಕ್ಕು, ಎದ್ದು ಬಂದು ಕೈ ಕೊಟ್ಟು ಎಬ್ಬಿಸಿದಳು. ಒದ್ದೆ ಕಾಗದದಲ್ಲಿ ಅವಳ ಹೆಬ್ಬೆರಳು ಒರೆಸಿ, ತಾನೇ ಹಿಡಿದು ಗಾಜಿನ ಮೇಲೆ ಮೆಲ್ಲಗೆ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಹೊರಳಿಸಿ ಒತ್ತಿದಳು. ಹಸಿರು. ಇಬ್ಬರೂ ಒಟ್ಟಿಗೆ "ಹಾ!" ಎಂದರು. ಯಾವ ಭಾಷೆಯಲ್ಲೂ ಅದು ಒಂದೇ ಮಾತು ತಾನೆ. ಮುದ್ರೆ ಬಿತ್ತು.

ಮುಂದಿನ ವಾರವೇ ಟೈಲ್ಸಕ್ಕನಿಗೆ ಹೋಟೆಲಿನ ಈಜುಕೊಳದ ಕೆಲಸ ಕೊಟ್ಟರು. ನೀರು ತುಂಬುವ ಮುಂಚಿನ ಕೊಳ, ಮನೆಯಷ್ಟು ಆಳ. ಏಣಿ ಇಳಿದು ತಳದಲ್ಲಿ ನಿಂತು ಮನೆಗೆ ವಿಡಿಯೋ ಕರೆ ಮಾಡಿದಳು. ಸುತ್ತ ನೀಲಿ ಟೈಲ್ಸಿನ ರಾಶಿ, ಗೋಡೆಯಾಚೆ ಅಲೆಗಳ ಮೊರೆತ.

"ಎಲ್ಲಿದೀಯಮ್ಮ?" ಎಂದರು ಮಾವ, ಫೋನಿಗೆ ಮೂಗು ತಾಗಿಸಿಕೊಂಡು.

"ನೀರೊಳಗೆ ಮಾವ! ನೀರು ಮಾತ್ರ ಇನ್ನೂ ಬಂದಿಲ್ಲ!" ಎಂದು ಕೂಗಿ, ಬೆಳಗಿನ ಮೊದಲ ಟೈಲನ್ನು ಕೈಗೆತ್ತಿಕೊಂಡಳು.